ಸಿಎನ್‌ಟಿ ಶೀಟ್ ಮಾಡಿ ಇಎಂಐ ತಡಿಯೋದು ಹೆಂಗ? ಹುಬ್ಬಳ್ಳಿ-ಧಾರವಾಡ ಪ್ರಾಜೆಕ್ಟ್ ಹುಡುಗರಿಗೆ ಒಂದ್ ಮಾರ್ಗದರ್ಶಿ

ಪ್ರಾಜೆಕ್ಟ್ ಸೀಸನ್ ಶುರು ಆತಂದ್ರ ಸಾಕು, ಮೆಕ್ಯಾನಿಕಲ್ ಇರ್ಲಿ ಇ ಅಂಡ್ ಸಿ ಇರ್ಲಿ ಯಾವುದರ ಒಂದ್ ಬ್ಯಾಚ್ "ಸರ, ಕಾರ್ಬನ್ ನ್ಯಾನೋಟ್ಯೂಬ್ ಹಾಕಿ ಇಎಂಐ ಶೀಲ್ಡ್ ಮಾಡ್ತೀವ್ರಿ" ಅಂತ ಬಂದ ಬರ್ತೈತಿ. ಕಾರ್ಬನ್ ನ್ಯಾನೋಟ್ಯೂಬ್ ಅಂದ್ರ ಸಿಎನ್‌ಟಿ, ಕಾರ್ಬನ್ನಿನ ಭಾಳ ಸಣ್ಣ ಕೊಳವಿ, ಇಎಂಐ ಅಂದ್ರ ಒಂದ್ ಉಪಕರಣದ ವಿದ್ಯುತ್ಕಾಂತೀಯ ಗದ್ದಲ ಇನ್ನೊಂದಕ್ಕ ತ್ರಾಸ ಕೊಡೋದು. ಎಲ್ಲಾರದೂ ಹೆಚ್ಚುಕಮ್ಮಿ ಒಂದ ದಾರಿ, ಎಪಾಕ್ಸಿ (ಹಾರ್ಡ್‌ನರ್ ಹಾಕಿದ್ರ ಗಟ್ಟಿ ಆಗೋ ರಾಳ) ಒಳಗ ಸಿಎನ್‌ಟಿ ಕರೀ ಪುಡಿ ಕಲಸೋದು, ಶೀಟ್ ಎರಕ ಹೊಯ್ಯೋದು, ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಫೋಟೋ ತಗಸೋದು, ರಿಪೋರ್ಟ್ ಬೈಂಡ್ ಮಾಡಿಸೋದು. ಆ ಶೀಟ್ ಖರೇನ ಎಷ್ಟ್ ತಡಿತೈತಿ ಅಂತ ವೈವಾದಾಗ ಕೇಳಿದ್ರ ಮಾತ್ರ ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡ್ತಾರ. ಹಂಗಾಗಿ ಇಡೀ ಕೆಲಸ ಮೊದಲಿಂದ ಕಡೀತನಕ ಹೆಂಗ ಮಾಡಬೇಕು ಅಂತ ಇಲ್ಲಿ ಬರದೀನಿ. ನಾ ಹೇಳೋದು ಒಂದ ಐತಿ, ಪುಡಿ ಎಷ್ಟ್ ಪರ್ಸೆಂಟ್ ಹಾಕಿದ್ರಿ ಅನ್ನೋದು ಎರಡನೇ ಮಾತು, ಒಳಗ ಟ್ಯೂಬ್‌ಗಳು ಒಂದಕ್ಕೊಂದು ಮುಟ್ಟಿ ಕರೆಂಟ್ ಹರಿಯೋ ದಾರಿ ಆಗೈತೋ ಇಲ್ಲೋ, ಮತ್ತ ಶೀಟಿಗೆ ಶೀಟ್ ಕೂಡೋ ಜಾಗದಾಗ ಆ ದಾರಿ ಕಡದು ಹೋಗೇತೋ ಏನು, ಇವೆರಡು ನೋಡ್ರಿ ಮೊದಲು.

ಇದು ಬೇಕೋ ಬ್ಯಾಡೋ

ಪುಡಿ ಆರ್ಡರ್ ಮಾಡೂಕಿಂತ ಮೊದಲು ನಿಮ್ಮ ತ್ರಾಸು ಯಾವ ಫ್ರೀಕ್ವೆನ್ಸಿದು ಅಂತ ಗೊತ್ತ ಮಾಡ್ಕೊರಿ. ಇನ್ವರ್ಟರ್, ಟ್ರಾನ್ಸ್‌ಫಾರ್ಮರ್ ಇವುಗಳ 50 ಹರ್ಟ್ಸ್ ಗುಂಯ್ ಅನ್ನೋ ಹಮ್ ತಡಿಯಾಕ ಸಿಎನ್‌ಟಿ ಕಂಪೋಸಿಟ್ ಏನೂ ಉಪಯೋಗ ಇಲ್ಲ. ಲೆಕ್ಕ ಹಾಕಿ ನೋಡ್ರಿ ಬೇಕಾದ್ರ, ಸ್ಕಿನ್ ಡೆಪ್ತ್ (ಅಲೆ ಕ್ಷೀಣ ಆಗೂದರೊಳಗ ವಸ್ತುವಿನ ಒಳಗ ಹೋಗೋ ಆಳ) ಅಂತ ಕಲ್ತಿರ್ತೀರಲ್ಲ, ಮೀಟರಿಗೆ 100 ಸೀಮೆನ್ಸ್ ಕಂಡಕ್ಟಿವಿಟಿ ಇರೋ ಒಂದು ಛಲೋ ಶೀಟಿಗೆ 10 ಗಿಗಾಹರ್ಟ್ಸ್ ಒಳಗ ಅದು ಸುಮಾರು ಅರ್ಧ ಮಿಲಿಮೀಟರ್, 1 ಗಿಗಾಹರ್ಟ್ಸ್ ಒಳಗ 1.6 ಮಿಲಿಮೀಟರ್, 50 ಹರ್ಟ್ಸಿಗೆ ಬಂದ್ರ 7 ಮೀಟರ್! ಏಳು ಮೀಟರ್ ದಪ್ಪದ ಗ್ವಾಡಿ ಯಾರ್ ಕಟ್ತಾರ್ರಿ. ಅಂಥಾ ಕಡೆ ಕಬ್ಬಿಣ, ಮ್ಯೂ-ಮೆಟಲ್ (ಕಾಂತಕ್ಷೇತ್ರ ತಡಿಯೋ ನಿಕಲ್-ಕಬ್ಬಿಣದ ಮಿಶ್ರಲೋಹ) ಬೇಕು.

ಫ್ರೀಕ್ವೆನ್ಸಿ ಮ್ಯಾಲೆ ಐತಿ ಅಂದ್ರೂ, ಬರೇ ಒಂದ್ ಚೌಕ ಡಬ್ಬಿ ಬೇಕಂದ್ರ ತಾರಿಹಾಳ ಇಲ್ಲಾ ಗೋಕುಲ ರೋಡ್ ಕಡೆ ಯಾವುದರ ಶೀಟ್ ಮೆಟಲ್ ವರ್ಕ್‌ಶಾಪಿಗೆ ಹೋಗಿ ಅಲ್ಯೂಮಿನಿಯಂ ಡಬ್ಬಿ ಬಗ್ಗಿಸಿಕೊಂಡ ಬರ್ರಿ. ಅಗ್ಗ ಬೀಳ್ತೈತಿ, ಸಿಎನ್‌ಟಿಗಿಂತ ಭಾಳ ಛಲೋ ತಡಿತೈತಿ, 1 ಗಿಗಾಹರ್ಟ್ಸ್ ಒಳಗ ಅಲ್ಯೂಮಿನಿಯಂ ಸ್ಕಿನ್ ಡೆಪ್ತ್ 3 ಮೈಕ್ರಾನ್ ಸಹಿತ ಇಲ್ಲ. ಸಿಎನ್‌ಟಿ ಕಂಪೋಸಿಟಿಗೆ ಅರ್ಥ ಬರೋದು ತೂಕ ಮುಖ್ಯ ಇದ್ದಾಗ, ಆಕಾರ ವಂಕು-ಡೊಂಕು ಇದ್ದಾಗ, ಜಂಗು ಹಿಡಿಯೋ ಜಾಗ ಇದ್ದಾಗ, ಇಲ್ಲಾಂದ್ರ ತಡದದ್ದು ವಾಪಸ್ ಒಳಗ ಹೊಡೀಬಾರದು, ಒಂದಿಷ್ಟರ ಹೀರಿಕೋಬೇಕು ಅನ್ನುವಾಗ. ಈಗ ನವಲಗುಂದ, ಅಣ್ಣಿಗೇರಿ ಕಡೆ ಹೊಲದಾಗ ಔಷಧ ಹೊಡಿಯೋ ಡ್ರೋನ್ ಅಂತ ತಿಳ್ಕೊರಿ, ಅದರ ಮೋಟರ್ ಕಂಟ್ರೋಲರ್ ಸ್ವಿಚ್ ಆಗೋ ಗದ್ದಲ ಜಿಪಿಎಸ್ ರಿಸೀವರಿಗೆ ತ್ರಾಸ ಕೊಡ್ತೈತಿ, ಜಿಪಿಎಸ್ ಸಿಗ್ನಲ್ 1575.42 ಮೆಗಾಹರ್ಟ್ಸ್ ಮ್ಯಾಲೆ ಬರ್ತೈತಿ ಮತ್ತ ಅದು ಭಾಳ ಸಣ್ಣ ಸಿಗ್ನಲ್. ಇಲ್ಲಿ ಕಂಟ್ರೋಲರ್ ಮ್ಯಾಲೆ ಒಂದ್ ಹಗುರ ಮುಚ್ಚಳ ಅಂದ್ರ ಪ್ರಾಜೆಕ್ಟ್ ಅನ್ನಾಕ ಅರ್ಥ ಐತಿ. ಆದ್ರ ಕಂಟ್ರೋಲರ್ ಮುಚ್ರಿ, ಜಿಪಿಎಸ್ ಆಂಟೆನಾ ಮುಚ್ಚಬ್ಯಾಡ್ರಿ ಮತ್ತ!

ಮೊಬೈಲ್ ಹಿಂದ ಅಂಟಿಸೋ "ರೇಡಿಯೇಶನ್ ತಡಿಯೋ ಸ್ಟಿಕರ್" ಮಾಡ್ತೀವಿ ಅನ್ನೋರು ಅದನ್ನ ಈಗ ಬಿಟ್ಟುಬಿಡ್ರಿ. ಸಿಗ್ನಲ್ ಅಡ್ಡಗಟ್ಟಿದ್ರ ಫೋನು ಟವರ್ ಮುಟ್ಟಾಕ ತನ್ನ ಪವರ್ ಇನ್ನೂ ಏರಿಸ್ತೈತಿ, ಅಷ್ಟ.

ಡಿಬಿ ಲೆಕ್ಕ ಮೊದಲ ಮಾಡ್ರಿ

ಶೀಟ್ ಎಷ್ಟ್ ತಡಿತು ಅನ್ನೋದನ್ನ ಡಿಬಿ (ಡೆಸಿಬೆಲ್) ಒಳಗ ಹೇಳ್ತಾರ. 10 ಡಿಬಿ ಅಂದ್ರ 90% ಪವರ್ ದಾಟಲಿಲ್ಲ, 20 ಅಂದ್ರ 99%, 30 ಅಂದ್ರ 99.9%. ಸಾಮಾನ್ಯ ಎಲೆಕ್ಟ್ರಾನಿಕ್ಸಿಗೆ 20 ಡಿಬಿ ಗುರಿ ಇಟ್ಕೊಂಡ್ರ ಸಾಕು.

ಅಂದಾಜಿಗೆ ಈ ಸೂತ್ರ ಹಾಕ್ರಿ: ಎಸ್‌ಇ = 50 + 10 × ಲಾಗ್(ಸಿಗ್ಮಾ ÷ ಎಫ್) + 1.7 × ಟಿ × √(ಸಿಗ್ಮಾ × ಎಫ್). ಎಸ್‌ಇ ಅಂದ್ರ ಶೀಟ್ ಎಷ್ಟ್ ಡಿಬಿ ತಡಿತೈತಿ ಅನ್ನೋದು, ಸಿಗ್ಮಾ ಅಂದ್ರ ಕಂಡಕ್ಟಿವಿಟಿ, ಅದು ಸೆಂಟಿಮೀಟರಿಗೆ ಸೀಮೆನ್ಸ್, ಎಫ್ ಅಂದ್ರ ಫ್ರೀಕ್ವೆನ್ಸಿ, ಅದು ಮೆಗಾಹರ್ಟ್ಸ್, ಟಿ ಅಂದ್ರ ದಪ್ಪ, ಅದು ಸೆಂಟಿಮೀಟರ್. ಯೂನಿಟ್ ತಪ್ಪಿದ್ರ ಉತ್ತರ ಎಲ್ಲೆಲ್ಲೋ ಹೋಗ್ತೈತಿ ಹುಷಾರ್. 2 ಮಿಲಿಮೀಟರ್ ಶೀಟು, ಮೀಟರಿಗೆ 100 ಸೀಮೆನ್ಸ್ (ಅಂದ್ರ ಸೆಂಟಿಮೀಟರಿಗೆ 1), 10 ಗಿಗಾಹರ್ಟ್ಸ್ ಹಾಕಿದ್ರ 44 ಡಿಬಿ ಬರ್ತೈತಿ, ಅದ ಶೀಟಿಗೆ ಮೀಟರಿಗೆ 10 ಸೀಮೆನ್ಸ್ ಅಷ್ಟ ಸಿಕ್ಕರ ಬರೇ 11 ಡಿಬಿ. ದಪ್ಪ ಒಂದ, ಪುಡಿನೂ ಒಂದ ಇರಬಹುದು, ಕಂಡಕ್ಟಿವಿಟಿ ಹತ್ತು ಪಟ್ಟು ಇಳದದ್ದಕ್ಕ ಇಷ್ಟ್ ಫರಕ್ ನೋಡ್ರಿ. ಕಡಿಮಿ ಕಂಡಕ್ಟಿವಿಟಿ ಶೀಟಿಗೆ ಈ ಸೂತ್ರ ಅಷ್ಟೇನ್ ಕರೆಕ್ಟ್ ಕೂಡಂಗಿಲ್ಲ, ಗುರಿ ಇಟ್ಕೊಳ್ಳಾಕ ಮಾತ್ರ ಸಾಕು.

2005ರಾಗ ಬಂದ ಒಂದ್ ಪೇಪರ್ ಭಾಳ ಜನ ಓದ್ಯಾರ, ಪಾಲಿಸ್ಟೈರೀನ್ ಫೋಮ್ ಒಳಗ 7% ನ್ಯಾನೋಟ್ಯೂಬ್ ಹಾಕಿ ಎಕ್ಸ್-ಬ್ಯಾಂಡ್ (ಸುಮಾರು 8ರಿಂದ 12 ಗಿಗಾಹರ್ಟ್ಸ್) ಒಳಗ ಸುಮಾರು 20 ಡಿಬಿ ತಗದಿದ್ರು. ಅಂದಮ್ಯಾಲೆ ನೀವು ಅರ್ಧ ಪರ್ಸೆಂಟ್ ಹಾಕಿ ತೆಳ್ಳನ ಶೀಟಿನಾಗ 40 ಡಿಬಿ ಬಂತು ಅಂತ ಬರದ್ರ ಎಕ್ಸಾಮಿನರ್ ಸುಮ್ನ ಬಿಡಂಗಿಲ್ಲ.

ಏನೇನ್ ತರಬೇಕು

ಮಲ್ಟಿವಾಲ್ (ಒಂದರಾಗ ಒಂದು ಕೂತ ಹಲವು ಪದರಿನ) ಟ್ಯೂಬ್ ತರ್ರಿ, ಜಪಾನಿನ ಸುಮಿಯೊ ಇಜಿಮಾ 1991ರಾಗ ವರದಿ ಮಾಡಿದ್ದು ಈ ಜಾತೀದ. ಸಿಂಗಲ್‌ವಾಲ್ ತುಟ್ಟಿ, ಕಾಲೇಜ್ ಬಜೆಟ್ಟಿಗೆ ಅಲ್ಲ. ದಪ್ಪ 10ರಿಂದ 20 ನ್ಯಾನೋಮೀಟರ್, ಉದ್ದ 10 ಮೈಕ್ರಾನಿಗಿಂತ ಹೆಚ್ಚಿರೋದು ಸಿಕ್ಕರ ಛಲೋ, ಯಾಕಂದ್ರ ಉದ್ದ ಟ್ಯೂಬ್ ಇದ್ದಷ್ಟು ಕಡಿಮಿ ಪುಡಿಯಾಗ ಜಾಲ ಕೂಡ್ತೈತಿ. ಸಪ್ಲೈಯರ್ "ಸಿಒಒಎಚ್ ಫಂಕ್ಷನಲೈಸ್ಡ್ ತಗೊರಿ, ಲಗೂ ಕರಗ್ತೈತಿ" ಅಂತಾನ, ಅಂದ್ರ ಮೈಮ್ಯಾಲೆ ಸಿಒಒಎಚ್ ಗುಂಪು ಕೂಡಿಸಿದ ಟ್ಯೂಬ್, ಖರೇ ಅದು ಎಪಾಕ್ಸಿ ಜೋಡಿ ಹೊಂದ್ಕೊತೈತಿ, ಆದ್ರ ಆ್ಯಸಿಡ್ ಹಾಕಿ ಟ್ಯೂಬಿನ ಮೈ ಕೆಡಿಸಿರ್ತಾರ, ಕಂಡಕ್ಟಿವಿಟಿ ಬೀಳ್ತೈತಿ. ಸ್ಟ್ರೆಂತ್ ಪ್ರಾಜೆಕ್ಟಿಗೆ ಅದು ಸರಿ, ಶೀಲ್ಡಿಂಗಿಗೆ ನಾ ಅಂತೂ ಸಾದಾ ಟ್ಯೂಬ್ ತರಸ್ತೀನಿ.

ಎಪಾಕ್ಸಿ ನಮ್ಮ ಕಾಲೇಜುಗಳಾಗ ಎಲ್ಲಾರೂ ಬಳಸೋ ಎಲ್‌ವೈ556, ಹಾರ್ಡ್‌ನರ್ ಎಚ್‌ವೈ951, ತೂಕದಾಗ 10ಕ್ಕ 1. ಇದರ ಜೋಡಿ ಅಸಿಟೋನ್, ಸಿಲ್ವರ್ ಪೇಸ್ಟ್, ಕಾಪರ್ ಟೇಪ್, ಓಎಚ್‌ಪಿ ಶೀಟ್, ಎರಡು ಗಾಜಿನ ಪ್ಲೇಟು, 2 ಮಿಲಿಮೀಟರ್ ರಬ್ಬರ್ ಕಾರ್ಡ್. ಪ್ರೋಬ್ ಸೋನಿಕೇಟರ್ ಬೇಕು, ಗಡಿಯಾರ ತೊಳಿಯೋ ಥರದ ಬಾತ್ ಸೋನಿಕೇಟರಿನಾಗ ಗಂಟು ಪೂರಾ ಒಡಿಯಂಗಿಲ್ಲ. ನಿಮ್ಮ ಡಿಪಾರ್ಟ್‌ಮೆಂಟಿನಾಗ ಇಲ್ಲಾಂದ್ರ ಕೆಮಿಸ್ಟ್ರಿ ಇಲ್ಲಾ ಬಯೋಟೆಕ್‌ನೋರ ಕಡೆ ಕೇಳ್ರಿ, ಸಾಮಾನ್ಯವಾಗಿ ಅವರ ಕಡೆ ಇರ್ತೈತಿ.

ಮೂಗು, ಕೈ, ಕಣ್ಣು

ಇದನ್ನ ಓದದ ಮುಂದ ಹೋಗಬ್ಯಾಡ್ರಿ. ಒಣ ಸಿಎನ್‌ಟಿ ಪುಡಿ ಎಷ್ಟ್ ಹಗುರ ಅಂದ್ರ ಫ್ಯಾನ್ ಗಾಳಿಗೆ ಲ್ಯಾಬ್ ತುಂಬಾ ಆಗ್ತೈತಿ. ಉದ್ದ ಬಿರುಸು ನಾರಿನಂಥಾ ಟ್ಯೂಬ್ ಪುಪ್ಪುಸದಾಗ ಹೋದ್ರ ಆಸ್ಬೆಸ್ಟಾಸ್ ಥರ ತ್ರಾಸ ಮಾಡಬಹುದು ಅನ್ನೋ ಚಿಂತಿ ಐತಿ, ಒಂದ್ ಜಾತಿ ಮಲ್ಟಿವಾಲ್ ಟ್ಯೂಬನ್ನ ಕ್ಯಾನ್ಸರ್ ಸಂಶೋಧನೆ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ 2ಬಿ ಗುಂಪಿನಾಗ, ಅಂದ್ರ ಮನುಷ್ಯಾರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಗುಂಪಿನಾಗ ಹಾಕೇತಿ. ಅಮೆರಿಕಾದಾಗ ಕೆಲಸದ ಜಾಗದ ಸುರಕ್ಷತೆ ನೋಡೋ ಸಂಸ್ಥೆ ನಿಯೋಶ್ 2013ರಾಗ ಹೇಳಿದ ಮಿತಿ 8 ತಾಸಿನ ಸರಾಸರಿಗೆ ಒಂದ್ ಘನ ಮೀಟರ್ ಗಾಳಿಯಾಗ 1 ಮೈಕ್ರೋಗ್ರಾಂ. ಅಂದ್ರ ಕಣ್ಣಿಗೆ ಕಾಣೂವಷ್ಟು ಧೂಳು ಎದ್ದೇತಿ ಅಂದ್ರ ಮಿತಿ ಯಾವಾಗೋ ದಾಟಿ ಹೋಗೇತಿ ಅಂತ ಲೆಕ್ಕ.

ಹಂಗಾಗಿ ಫ್ಯಾನ್ ಬಂದ್ ಮಾಡ್ರಿ, ಫ್ಯೂಮ್ ಹುಡ್ ಒಳಗ ತೂಕ ಮಾಡ್ರಿ, ಬಟ್ಟಿ ಮಾಸ್ಕ್ ನಡಿಯಂಗಿಲ್ಲ, ಮಾರಿಗೆ ಬಿಗಿಯಾಗಿ ಕೂಡೋ ಎನ್95 ಆದ್ರೂ ಬೇಕು. ನೈಟ್ರೈಲ್ ಗ್ಲೋವ್ಸ್, ಕನ್ನಡಕ. ಪುಡಿ ತೂಕ ಮಾಡಿದ ಕೂಡಲೆ ಅದ ಬೀಕರಿನಾಗ ಅಸಿಟೋನ್ ಹಾಕಿ ಹಸಿ ಮಾಡ್ರಿ, ಹಸಿ ಆದ ಪುಡಿ ಹಾರಂಗಿಲ್ಲ. ಕಸಬರಿಗಿ ತಗೊಂಡು ಗುಡಸಬ್ಯಾಡ್ರಿ, ಹಸಿ ಟಿಶ್ಯೂದಿಂದ ಒರಸ್ರಿ, ಆ ಟಿಶ್ಯೂ ಗ್ಲೋವ್ಸ್ ಎಲ್ಲಾ ಝಿಪ್ ಕವರಿನಾಗ ಹಾಕಿ ಹೆಸರು ಬರದು ಲ್ಯಾಬಿನ ಕೆಮಿಕಲ್ ವೇಸ್ಟಿಗೆ ಕೊಡ್ರಿ, ಮುನ್ಸಿಪಾಲ್ಟಿ ಕಸದ ಗಾಡಿಗಲ್ಲ. ಇನ್ನೊಂದು, ಈ ಪುಡಿ ಕರೆಂಟ್ ಹರಿಸ್ತೈತಿ ಅನ್ನೋದು ನೆನಪಿರಲಿ, ತಗದಿಟ್ಟ ಪವರ್ ಸಪ್ಲೈ, ಕಂಪ್ಯೂಟರ್ ಬೋರ್ಡ್ ಹತ್ರ ಹಾರಿಸಿದ್ರ ಶಾರ್ಟ್ ಆಗ್ತೈತಿ.

ತೂಕ ಮತ್ತ ಕಲಸೋದು

10 ಸೆಂಟಿಮೀಟರ್ ಚೌಕ, 2 ಮಿಲಿಮೀಟರ್ ದಪ್ಪದ ಶೀಟಿಗೆ 20 ಸಿಸಿ ಬೇಕು, ತೂಕ ಸುಮಾರು 23 ಗ್ರಾಂ. ಬೀಕರಿಗೆ ಅಂಟ್ಕೊಂಡ ಹೋಗೋದು ಹಿಡದು 30 ಗ್ರಾಂ ಎಪಾಕ್ಸಿ, 3 ಗ್ರಾಂ ಹಾರ್ಡ್‌ನರ್ ಇಟ್ಕೊರಿ. ಅದರಾಗ 2% ಸಿಎನ್‌ಟಿ ಅಂದ್ರ 0.67 ಗ್ರಾಂ. ಕೇಳಾಕ ಕಡಿಮಿ ಅನಸ್ತೈತಿ, ಬೀಕರಿನಾಗ ಹಾಕಿ ನೋಡಿದಾಗ ಗೊತ್ತಾಗ್ತೈತಿ ಎಷ್ಟ್ ಜಾಗ ಹಿಡಿತೈತಿ ಅಂತ. ಒಂದ ಶೀಟ್ ಮಾಡಿ ಕೂಡಬ್ಯಾಡ್ರಿ, 0.5, 1, 2, 3 ಹಿಂಗ ಒಂದ್ ಸರಣಿ ಮಾಡಿದ್ರ ಎಲ್ಲಿ ಕಂಡಕ್ಟಿವಿಟಿ ಒಮ್ಮಿಂದೊಮ್ಮೆ ಜಿಗಿತೈತಿ ಅಂತ ಕಾಣಸ್ತೈತಿ, ಅದ ಪರ್ಕೋಲೇಶನ್. ಛಲೋ ಕಲಸಿದ ಎಪಾಕ್ಸಿಯಾಗ ಅದು 1%ದ ಕೆಳಗ, ಒಮ್ಮೊಮ್ಮೆ 0.1%ದ ಕೆಳಗೂ ಸಿಗ್ತೈತಿ. ಆದ್ರ ಅದು ದಾಟಿದ ಕೂಡಲೆ ಶೀಲ್ಡ್ ಆತು ಅಂತ ತಿಳಿಯಬ್ಯಾಡ್ರಿ, ಅಲ್ಲಿ ಕರೆಂಟಿಗೆ ಕಾಲುದಾರಿ ಅಷ್ಟ ಸಿಕ್ಕಿರ್ತೈತಿ, ಶೀಲ್ಡಿಂಗಿಗೆ ಅದಕ್ಕಿಂತ ಭಾಳ ಮ್ಯಾಲೆ ಹೋಗಬೇಕು.

ಪುಡಿ ಬರುವಾಗ ಟ್ಯೂಬ್‌ಗಳು ಒಣಗಿದ ಶ್ಯಾವಿಗಿ ಗಂಟಿನಂಗ ಒಂದರಾಗ ಒಂದು ಸಿಕ್ಕೊಂಡಿರ್ತಾವ. ಅಸಿಟೋನಿನಾಗ ಹಾಕಿ, ಬೀಕರನ್ನ ಐಸ್ ನೀರಿನಾಗ ಇಟ್ಟು, ಪ್ರೋಬ್ ಸೋನಿಕೇಟರ್ ಪಲ್ಸ್ ಮೋಡಿನಾಗ 30 ನಿಮಿಷದಿಂದ ಶುರು ಮಾಡ್ರಿ. ಐಸ್ ಯಾಕಂದ್ರ ಅಸಿಟೋನ್ 56 ಡಿಗ್ರಿಗೆ ಕುದಿತೈತಿ, ಅದರ ಹೊಗಿ ಬೆಂಕಿಗೆ ಲಗೂ ಹತ್ತತೈತಿ, ಆಸುಪಾಸು ಕಿಡಿ, ಗ್ಯಾಸ್ ಬರ್ನರ್ ಏನೂ ಇರಬಾರದು. ನಡುನಡುವ ಒಂದ್ ಹನಿ ತಗದು ಎರಡು ಗ್ಲಾಸ್ ಸ್ಲೈಡ್ ನಡುವ ಒತ್ತಿ ಸಾದಾ ಮೈಕ್ರೋಸ್ಕೋಪಿನಾಗ ನೋಡ್ರಿ, ದೊಡ್ಡ ದೊಡ್ಡ ಕರೀ ಚುಕ್ಕಿ ಕಾಣಾಕತ್ತಿದ್ರ ಇನ್ನೂ ನಡಸ್ರಿ, ಒಂದ ಸಮ ಬೂದು ಬಣ್ಣ ಬಂತಂದ್ರ ನಿಲ್ಲಸ್ರಿ. ಹೆಚ್ಚ ಹೊತ್ತು ನಡಸಿದ್ರ ಇನ್ನೂ ಛಲೋ ಆಗ್ತೈತಿ ಅನ್ನೋದು ಸುಳ್ಳು, ಸೋನಿಕೇಟರ್ ಟ್ಯೂಬನ್ನ ಕತ್ತರಸ್ತೈತಿ, ತುಂಡು ಟ್ಯೂಬಿಗೆ ಜಾಲ ಕಟ್ಟಾಕ ಆಗಂಗಿಲ್ಲ.

ಆಮ್ಯಾಲೆ ಎಪಾಕ್ಸಿ ಹಾಕಿ ಇನ್ನೊಂದ್ ಸುತ್ತು ಕಲಸ್ರಿ, ಎಪಾಕ್ಸಿ ಮೊದಲ 60 ಡಿಗ್ರಿಗೆ ಬೆಚ್ಚಗ ಮಾಡಿದ್ರ ತೆಳ್ಳಗ ಆಗ್ತೈತಿ, ಬೆಚ್ಚಗಿದ್ದಾಗ ಅಸಿಟೋನ್ ಜೋಡಿ ಕೂಡಿಸಬ್ಯಾಡ್ರಿ, ಸ್ವಲ್ಪ ಆರಲಿ. ಮುಂದ ಅಸಿಟೋನ್ ಪೂರಾ ಹೊರಗ ಹಾಕಬೇಕು, ಹುಡ್ ಒಳಗ ಹಾಟ್ ಪ್ಲೇಟ್ ಮ್ಯಾಲೆ ಸ್ಟಿರ್ ಮಾಡ್ಕೊಂತ, ಕಡೀಕ ವ್ಯಾಕ್ಯೂಮ್. ಹೋತೋ ಇಲ್ಲೋ ಅಂತ ಮೂಸಿ ನೋಡೋದಲ್ಲ, ತೂಕ ಮಾಡಿ ನೋಡ್ರಿ. ಖಾಲಿ ಬೀಕರ್, ಎಪಾಕ್ಸಿ, ಪುಡಿ ಇವುಗಳ ತೂಕ ಬರದಿಟ್ಟಿರ್ತೀರಲ್ಲ, ಅದಕ್ಕ ಬಂದು ನಿಲ್ಲೋತನಕ ಬಿಡಬ್ಯಾಡ್ರಿ. ಅಸಿಟೋನ್ ಉಳದ್ರ ಶೀಟ್ ರಬ್ಬರಿನಂಗ ಮೆತ್ತಗ ಆಗ್ತೈತಿ, ಒಳಗ ಗುಳ್ಳಿ ಏಳ್ತಾವ.

ಇಲ್ಲೊಂದ್ ಸೂಕ್ಷ್ಮ ಐತಿ, ಭಾಳ ಮಂದಿ ಇದನ್ನ ಹಿಡಿಯಂಗಿಲ್ಲ. ಒಂದೊಂದ್ ಟ್ಯೂಬೂ ಬ್ಯಾರೆ ಬ್ಯಾರೆ ಆಗಿ ಸುತ್ತಲೂ ಎಪಾಕ್ಸಿ ಪದರು ಕೂತುಬಿಟ್ರ ಎಸ್‌ಇಎಂ ಫೋಟೋ ಅಗದೀ ಚಂದ ಬರ್ತೈತಿ, ಕಂಡಕ್ಟಿವಿಟಿ ಮಾತ್ರ ಬರಂಗಿಲ್ಲ, ಯಾಕಂದ್ರ ಟ್ಯೂಬ್ ಟ್ಯೂಬಿಗೆ ಮುಟ್ಟಿಲ್ಲ. ಹಂಗಾಗಿ ದೊಡ್ಡ ಗಂಟು ಜೋರಾಗಿ ಒಡದ ಮ್ಯಾಲೆ ಕಡೀ ಹಂತದಾಗ ಹಗುರಕ ತಿರಗಸ್ರಿ, ಟ್ಯೂಬ್‌ಗಳು ತಾವ ಒಂದರ ಹತ್ರ ಒಂದು ಬಂದು ಸಡಿಲಾಗಿ ಕೂಡ್ತಾವ, ನಮಗ ಬೇಕಾದ್ದು ಅದ. ಸ್ಟ್ರೆಂತ್ ಬೇಕಾದೋರಿಗೆ ಛಲೋ ಡಿಸ್ಪರ್ಶನ್ ಅಂದ್ರ ಒಂದು, ಶೀಲ್ಡ್ ಬೇಕಾದೋರಿಗೆ ಇನ್ನೊಂದು.

ಹಾರ್ಡ್‌ನರ್, ಎರಕ

ಎಚ್‌ವೈ951 ಅಮೀನ್, ಚರ್ಮ ಸುಡ್ತೈತಿ, ಗ್ಲೋವ್ಸ್ ಇಲ್ಲದ ಮುಟ್ಟಬ್ಯಾಡ್ರಿ. ಹಾಕಿದ ಮ್ಯಾಲೆ ಅರ್ಧ ತಾಸಿನಾಗ ಕೆಲಸ ಮುಗೀಬೇಕು. ಏಪ್ರಿಲ್-ಮೇ ಒಳಗ ಹುಬ್ಬಳ್ಳಿ, ಗದಗ ಬಿಸಲಿಗೆ ಇನ್ನೂ ಲಗೂ ಗಟ್ಟಿ ಆಗ್ತೈತಿ, ಹಂಗಾಗಿ ಮುಂಜಾನೆ ಮಾಡ್ರಿ. ಧಾರವಾಡದ ಮಳಿಗಾಲದಾಗ ಬ್ಯಾರೇನ ತ್ರಾಸು, ಗಾಳಿಯಾಗಿನ ತೇವಕ್ಕ ಮ್ಯಾಲೆ ಬಿಳೇ ಜಿಗುಟು ಪದರು ಬರ್ತೈತಿ, ಅದಕ್ಕ ತೆರೆದ ಅಚ್ಚು ಬ್ಯಾಡ, ಗಾಜಿನ ಎರಡು ಪ್ಲೇಟಿಗೆ ಓಎಚ್‌ಪಿ ಶೀಟ್ ಹಾಕಿ ನಡುವ ರಬ್ಬರ್ ಕಾರ್ಡ್ ಇಟ್ಟು ಕ್ಲಿಪ್ ಹಾಕ್ರಿ. 2% ದಾಟಿದ ಮಿಶ್ರಣ ಹೊಯ್ಯಾಕ ಬರಂಗಿಲ್ಲ, ಪೇಸ್ಟ್ ಆಗಿರ್ತೈತಿ, ಸ್ಪ್ಯಾಚುಲಾದಿಂದ ಹಚ್ಚಿ ಒತ್ತಬೇಕು. ಒಂದ್ ದಿನ ಬಿಡ್ರಿ, ಆಮ್ಯಾಲೆ ಓವನ್ ಇದ್ರ 80 ಡಿಗ್ರಿಗೆ 2-3 ತಾಸು.

ಮಲ್ಟಿಮೀಟರ್ ಮೊದಲ, ಎಸ್‌ಇಎಂ ಆಮ್ಯಾಲೆ

ಶೀಟ್ ಹೊರಗ ತಗದ ಕೂಡಲೆ ಮಲ್ಟಿಮೀಟರ್ ಇಟ್ರ ಓಪನ್ ತೋರಸ್ತೈತಿ, ಹುಡುಗರು ಮಾರಿ ಸಣ್ಣದ ಮಾಡ್ಕೊಂಡು "ಫೇಲ್ ಆತ್ರಿ ಸರ" ಅಂತಾರ. ಫೇಲ್ ಆಗಿಲ್ಲ, ಮೈಮ್ಯಾಲೆ ಬರೇ ಎಪಾಕ್ಸಿದ ತೆಳ್ಳನ ಪದರು ಇರ್ತೈತಿ, ಅದು ಇನ್ಸುಲೇಟರ್. ನೀರಾಗ ಅದ್ದಿದ ವಾಟರ್ ಪೇಪರಿನಿಂದ ತುದಿಗಳನ್ನ ಹಗುರಕ ತಿಕ್ಕಿ (ಒಣಾ ತಿಕ್ಕಬ್ಯಾಡ್ರಿ, ಧೂಳಿನ ಮಾತು ಮ್ಯಾಲೆ ಹೇಳೀನಿ) ಸಿಲ್ವರ್ ಪೇಸ್ಟ್ ಹಚ್ಚಿ ಒಣಗಿಸಿ ನೋಡ್ರಿ.

1 ಸೆಂಟಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ, 10 ಸೆಂಟಿಮೀಟರ್ ಉದ್ದದ ಪಟ್ಟಿ ಕೊಯ್ದು ತುದಿಯಿಂದ ತುದಿಗೆ ಅಳೀರಿ. 5 ಕಿಲೋ ಓಮ್ ಬಂದ್ರ ಕಂಡಕ್ಟಿವಿಟಿ ಮೀಟರಿಗೆ 1 ಸೀಮೆನ್ಸ್, 500 ಓಮ್ ಬಂದ್ರ 10, 50 ಓಮ್ ಬಂದ್ರ 100. ಕಿಲೋ ಓಮಿನಾಗ ಅಡ್ಡಾಡಾಕತ್ತಿದ್ರ ಮೈಕ್ರೋವೇವ್ ಬೆಂಚ್ ತನಕ ಹೋಗೋದು ಟೈಮ್ ವೇಸ್ಟ್, ವಾಪಸ್ ಕಲಸೋ ಹಂತಕ್ಕ ಹೋಗ್ರಿ ಇಲ್ಲಾ ಪುಡಿ ಏರಸ್ರಿ. ರಿಪೋರ್ಟಿಗೆ ಮಾತ್ರ ಫೋರ್-ಪ್ರೋಬ್ ರೀಡಿಂಗ್ ಹಾಕ್ರಿ, ಎರಡು ಪ್ರೋಬಿನಾಗ ಕಾಂಟ್ಯಾಕ್ಟ್ ರೆಸಿಸ್ಟೆನ್ಸೂ ಕೂಡಿರ್ತೈತಿ. ಎಸ್‌ಇಎಂ ಬೇಕಂದ್ರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರದಾಗ ಕೇಳಿ ನೋಡ್ರಿ, ಆದ್ರ ರೆಸಿಸ್ಟೆನ್ಸ್ ಸರಿ ಬಂದ ಮ್ಯಾಲೆ ದುಡ್ಡು ಕಟ್ರಿ.

ಅಳಿಯೋದು

ದೊಡ್ಡ ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಸಿಕ್ಕರ ಅದೃಷ್ಟ. ಸಿಗಲಿಲ್ಲಂದ್ರ ಇ ಅಂಡ್ ಸಿ ಡಿಪಾರ್ಟ್‌ಮೆಂಟಿನ ಹಳೇ ಮೈಕ್ರೋವೇವ್ ಬೆಂಚ್ ಧೂಳು ಒರಸ್ರಿ, ಮೈಕ್ರೋವೇವ್ ಹುಟ್ಟಸಾಕ ಕ್ಲಿಸ್ಟ್ರಾನ್ ಇಲ್ಲಾ ಗನ್ ಡಯೋಡ್ ಇರೋದು, ಅದು ಎಕ್ಸ್-ಬ್ಯಾಂಡ್ ಒಳಗ ನಡಿತೈತಿ. ವೇವ್‌ಗೈಡ್ (ಸಿಗ್ನಲ್ ಹೋಗೋ ಲೋಹದ ಕೊಳವಿ) ಒಳಗಿನ ಅಳತಿ 22.86 × 10.16 ಮಿಲಿಮೀಟರ್. ಸ್ಯಾಂಪಲ್ ಅದಕ್ಕಿಂತ ಒಂದ್ ಕೂದಲೆಳಿ ದೊಡ್ಡದ ಕೊಯ್ದು ಹಸಿ ಪೇಪರಿನಿಂದ ತಿಕ್ಕಿ ತಿಕ್ಕಿ ಬಿಗಿಯಾಗಿ ಕೂಡಸ್ರಿ, ಅಂಚಿನಾಗ ಸಂದು ಉಳದ್ರ ಸಿಗ್ನಲ್ ಅಲ್ಲಿಂದ ನುಸಳ್ತೈತಿ, ಸಿಲ್ವರ್ ಪೇಂಟಿನಿಂದ ತುಂಬ್ರಿ. ಸೋರ್ಸ್ ಮುಂದ ಐಸೋಲೇಟರ್ (ಸಿಗ್ನಲನ್ನ ಒಂದ ದಿಕ್ಕಿಗೆ ಬಿಡೋ ಭಾಗ) ಇರಲೇಬೇಕು, ಶೀಟು ಸಿಕ್ಕಾಪಟ್ಟಿ ವಾಪಸ್ ಹೊಡಿತೈತಿ, ಐಸೋಲೇಟರ್ ಇಲ್ಲಂದ್ರ ಸೋರ್ಸಿನ ಫ್ರೀಕ್ವೆನ್ಸಿನ ಸರೀತೈತಿ.

ಡಿಟೆಕ್ಟರ್ ವೋಲ್ಟೇಜ್ ನೋಡಿ ಡಿಬಿ ತಗಿಯಾಕ ಹೋಗಬ್ಯಾಡ್ರಿ. ಸ್ಯಾಂಪಲ್ ಇಟ್ಟಾಗ ಮೀಟರ್ ಎಲ್ಲಿ ನಿಂತೈತಿ ಬರ್ಕೊರಿ, ಸ್ಯಾಂಪಲ್ ತಗದು ಪ್ರಿಸಿಶನ್ ಅಟೆನ್ಯುಯೇಟರ್ ತಿರಗಿಸಿ ಅದ ರೀಡಿಂಗಿಗೆ ತರ್ರಿ, ಅಟೆನ್ಯುಯೇಟರ್ ಮ್ಯಾಲೆ ಎಷ್ಟ್ ಡಿಬಿ ಹೆಚ್ಚಾತು ಅದ ನಿಮ್ಮ ಶೀಟ್ ತಡದದ್ದು. ಡಿಟೆಕ್ಟರಿನ ನಡಾವಳಿ ಹೆಂಗಿದ್ರೂ ಚಿಂತಿ ಇಲ್ಲ. ಮೊದಲ ಒಂದ್ ತಾಮ್ರದ ತುಂಡು ಇಟ್ಟು ನೋಡ್ರಿ, ಅದರಾಗ 35 ಡಿಬಿ ಅಷ್ಟ ಬಂತಂದ್ರ ನಿಮ್ಮ ಬೆಂಚಿನ ಮಿತಿ ಅಷ್ಟು, ಶೀಟಿಗೆ 34 ಬಂದ್ರ ಅದು ಶೀಟಿನ ನಂಬರ್ ಅಲ್ಲ.

ಅನಲೈಸರ್ ಸಿಕ್ಕೋರಿಗೆ ಒಂದ್ ಮಾತು. ಎಸ್11 (ವಾಪಸ್ ಬಂದದ್ದು) ಮೈನಸ್ 2 ಡಿಬಿ, ಎಸ್21 (ದಾಟಿ ಹೋದದ್ದು) ಮೈನಸ್ 20 ಡಿಬಿ ಬಂತು ಅಂತ ಇಟ್ಕೊರಿ. ಲೆಕ್ಕ ಹಾಕಿದ್ರ ರಿಫ್ಲೆಕ್ಷನ್ ಭಾಗ 4.3 ಡಿಬಿ, ಅಬ್ಸಾರ್ಪ್ಷನ್ ಭಾಗ 15.7 ಡಿಬಿ, ಕೂಡಲೆ "ನಮ್ಮ ಶೀಟ್ ಹೀರಿಕೊಂಡು ತಡಿತೈತಿ, ರಿಫ್ಲೆಕ್ಟ್ ಮಾಡಂಗಿಲ್ಲ" ಅಂತ ಕನ್‌ಕ್ಲೂಶನ್ ಬರದಬಿಡ್ತಾರ. ಪವರ್ ನೋಡ್ರಿ: ಬಂದದ್ದರಾಗ 63% ವಾಪಸ್ ಹೋಗೇತಿ, 36% ಹೀರೇತಿ, 1% ದಾಟೇತಿ. ಅಂದ್ರ ಹೆಚ್ಚಿನದ್ದು ರಿಫ್ಲೆಕ್ಟ್ ಆಗೇತಿ! ಆ 15.7 ಅನ್ನೋದು ಒಳಗ ಹೊಕ್ಕದ್ದರಾಗ ಎಷ್ಟ್ ಹೀರಿತು ಅನ್ನೋ ಲೆಕ್ಕ, ಬಂದ ಒಟ್ಟು ಪವರಿಂದಲ್ಲ. ಪ್ರಿಂಟ್ ಆದ ಪೇಪರ್‌ಗಳಾಗೂ ಈ ಗೊಂದಲ ಕಾಣ್ತೈತಿ. ಎರಡೂ ಲೆಕ್ಕ ಬರೀರಿ, ಜೋಡಿ ಶೀಟಿನ ದಪ್ಪ ಬರೀರಿ, ದಪ್ಪ ಇಲ್ಲದ ಡಿಬಿ ನಂಬರಿಗೆ ಅರ್ಥ ಇಲ್ಲ.

ಏನೂ ಸಿಗದೋರು ತಗಡಿನ ಬಿಸ್ಕಿಟ್ ಡಬ್ಬಿಗೆ 8 ಸೆಂಟಿಮೀಟರ್ ಕಿಡಕಿ ಕೊಯ್ದು, ಒಳಗ ಹಾಟ್‌ಸ್ಪಾಟ್ ಹಾಕಿದ ಫೋನ್ ಇಟ್ಟು, ಹೊರಗ ಇನ್ನೊಂದ್ ಫೋನಿನಾಗ ವೈಫೈ ಸಿಗ್ನಲ್ ತೋರಸೋ ಆ್ಯಪ್ ಹಚ್ಚಿ ಕಿಡಕಿ ಖಾಲಿ ಇದ್ದಾಗ, ಅಲ್ಯೂಮಿನಿಯಂ ಫಾಯಿಲ್ ಇದ್ದಾಗ, ನಿಮ್ಮ ಶೀಟ್ ಇದ್ದಾಗ ಹಿಂಗ ಮೂರೂ ನೋಡ್ರಿ. ರೀಡಿಂಗ್ ಕುಣೀತಿರ್ತೈತಿ, ಪೇಪರಿಗೆ ಹಾಕೂವಂಥಾದ್ದಲ್ಲ, ಆದ್ರ ಯಾವ ಶೀಟ್ ಯಾವುದಕ್ಕಿಂತ ಛಲೋ ಅಂತ ಹೇಳಾಕ ಸಾಕು.

ಡಬ್ಬಿ ಮಾಡುವಾಗ

ಶೀಟ್ ಅಳದ್ರ 30 ಡಿಬಿ, ಅದರಿಂದ ಮಾಡಿದ ಡಬ್ಬಿ ಅಳದ್ರ ಬರೇ 8 ಡಿಬಿ. ಇದು ಸಾಮಾನ್ಯ. ಸೋರೋದು ಸಂದಿಯಿಂದ, ಮತ್ತ ಸಂದಿಯ ಅಗಲ ಅಲ್ಲ, ಉದ್ದ ಮುಖ್ಯ. ಕೂದಲಷ್ಟು ಸಣ್ಣ ಸಂದಿ 6 ಸೆಂಟಿಮೀಟರ್ ಉದ್ದ ಇದ್ರ 2.4 ಗಿಗಾಹರ್ಟ್ಸಿಗೆ ಅದು ಅರ್ಧ ವೇವ್‌ಲೆಂತ್, ಅಂದ್ರ ಆಂಟೆನಾನ ಆಗಿಬಿಡ್ತೈತಿ. ವೇವ್‌ಲೆಂತಿನ ಇಪ್ಪತ್ತನೇ ಒಂದ್ ಭಾಗ, ಅಂದ್ರ ಇಲ್ಲಿ 6 ಮಿಲಿಮೀಟರ್, ಅದಕ್ಕಿಂತ ಉದ್ದದ ಬಿರುಕು ಬಿಡಬ್ಯಾಡ್ರಿ. ಕೂಡೋ ಅಂಚುಗಳನ್ನ ಮೊದಲ ಹೇಳಿದಂಗ ಹಸಿ ತಿಕ್ಕಿ ಎಪಾಕ್ಸಿ ಪದರು ತಗೀರಿ, ಸಿಲ್ವರ್ ಪೇಂಟ್ ಹಚ್ಚಿ ಅಂಟಿನ ಕಡೆಯಿಂದಲೂ ಕರೆಂಟ್ ಹರಿಯೋ ಕಾಪರ್ ಟೇಪ್ ಸುತ್ರಿ, ಸಾದಾ ಅಂಟಿನ ಟೇಪ್ ತಂದ್ರ ಅದರ ಅಂಟ ಇನ್ಸುಲೇಟರ್. ಒಂದ್ ಮೂಲಿಯಿಂದ ಎದುರಿನ ಮೂಲಿಗೆ ಮಲ್ಟಿಮೀಟರ್ ಇಟ್ಟು, ಜೋಡಿಸೂಕಿಂತ ಮೊದಲಿನ ರೀಡಿಂಗಿಗೆ ಹೋಲಿಸ್ರಿ.

ಸ್ಕ್ರೂ ಸ್ಟೇನ್‌ಲೆಸ್ ಹಾಕ್ರಿ, ಕಾರ್ಬನ್ ಜೋಡಿ ಅಲ್ಯೂಮಿನಿಯಂ ಮುಟ್ಟಿ ನಡುವ ಮಳಿ ನೀರು ಹೋತಂದ್ರ ಅಲ್ಯೂಮಿನಿಯಂ ತಿಂದ ಹೋಗ್ತೈತಿ. ಇನ್ನ ವೈರ್: ಡಬ್ಬಿ ಎಷ್ಟ್ ಛಲೋ ಮುಚ್ಚಿದ್ರೂ ಒಂದ ಒಂದು ಬತ್ತಲೆ ವೈರ್ ತೂತಿನಿಂದ ಹೊರಗ ಬಂತಂದ್ರ ಒಳಗಿನ ಗದ್ದಲ ಅದನ್ನ ಹಿಡ್ಕೊಂಡ ಹೊರಗ ಬರ್ತೈತಿ. ಶೀಲ್ಡ್ ಕೇಬಲ್ ಆದ್ರ ಅದರ ಜಾಳಿಗಿಯನ್ನ ತೂತಿನ ಸುತ್ತಲೂ ಡಬ್ಬಿಗೆ ಕೂಡಸ್ರಿ, ಪವರ್ ವೈರಿಗೆ ತೂತಿನ ಬಾಯಾಗ ಫೀಡ್‌ಥ್ರೂ ಕೆಪ್ಯಾಸಿಟರ್ ಹಾಕ್ರಿ, ಅದು ಸಿಗಲಿಲ್ಲಂದ್ರ ಹಳೇ ಮಾನಿಟರ್ ಕೇಬಲಿನ ಮ್ಯಾಲಿರೋ ಆ ದಪ್ಪ ಫೆರೈಟ್ ಗುಂಡು ಬಿಚ್ಚಿ ತೂತಿನ ಹತ್ರಾನ ಹಾಕಿ ಮತ್ತೊಮ್ಮೆ ಅಳೀರಿ.